ಪಲ್ಲವಿ ಕೊನೆಗೆ ಬಂದರೆ?

ಪ್ರಶ್ನೆ: ಮೊಮ್ಮಗಳು ಕರೆದಳೆಂದು ಮಂಡ್ಯದಿಂದ ಮೈಸೂರಿಗೆ ಹೋಗಿ ಗಿಟಾರ್ ಕಚೇರಿ ಕೇಳಿದೆ. ಬ್ರಿಟನ್ ಎಂಬುವರ ‘ನಾಕ್ಟರ್ನಲ್’ ಅಂತೆ. ಕಾಲು ಗಂಟೆ ಶ್ರುತಿ ಮಾಡಿಕೊಳ್ಳುತ್ತಿದ್ದಾರೇನೋ ಅನ್ನಿಸಿತು. ಮುಗಿಯುವಾಗ ಮಾತ್ರ ಚೆಂದದ ಹಾಡೊಂದು ಬಂತು. ವೀಣೆ ಕೇಳಿ ಬೆಳೆದ ನನ್ನ ಕಿವಿಯದೇ ತಪ್ಪೇ?
– ಒಬ್ಬ ಅಜ್ಜಿ, ಮಂಡ್ಯ

ಉತ್ತರ: ಅಮ್ಮಾ, ನಿಮ್ಮ ಕಿವಿ ಚೆನ್ನಾಗಿದೆ. ಆ ಕೃತಿಯ ಗುಟ್ಟನ್ನೇ ಹಿಡಿದುಬಿಟ್ಟಿದ್ದೀರಿ! ಇಂಗ್ಲೆಂಡಿನ ಸಂಗೀತ ರಚನಕಾರ ಬೆಂಜಮಿನ್ ಬ್ರಿಟನ್ ಅದನ್ನು 1963ರಲ್ಲಿ ಗಿಟಾರ್ ವಾದಕ ಜೂಲಿಯನ್ ಬ್ರೀಮ್ ಅವರಿಗಾಗಿ ಬರೆದರು. ಕೊನೆಗೆ ಕೇಳಿಸಿತಲ್ಲ, ಅದು ಅಲ್ಲಿಯದೇ ಹಳೆಯ ರಚನಕಾರ ಜಾನ್ ಡೌಲಂಡ್ ಅವರ 1597ರ ಹಾಡು, ನಿದ್ದೆಯನ್ನು ಕರೆಯುವ ಹಾಡು. ನಮ್ಮಲ್ಲಿ ಪಲ್ಲವಿ ಹಾಡಿ ಆಮೇಲೆ ಸಂಗತಿ (ಅದೇ ಸಾಲನ್ನು ಬಗೆಬಗೆಯಾಗಿ ಬದಲಿಸಿ ಹಾಡುವುದು) ಹಾಕುತ್ತೇವೆ. ಇಲ್ಲಿ ಎಂಟು ಸಂಗತಿ ಮೊದಲು, ಪಲ್ಲವಿ ಕಟ್ಟಕಡೆಗೆ. ನಿದ್ದೆ ಬಾರದವನ ಹೊರಳಾಟವೆಲ್ಲ ಆ ಎಂಟರಲ್ಲಿದೆ. ಎಂಟನೆಯದರಲ್ಲಿ ಕೆಳಗಿಳಿಯುವ ಒಂದೇ ತುಣುಕು ಹಟ ಹಿಡಿದಂತೆ ಮರಳಿ ಮರಳಿ ಬರುತ್ತದೆ, ಆಮೇಲೆ ಸುಸ್ತಾಗಿ ಹಾಡಿಗೆ ಜಾರುತ್ತದೆ. (ಮೊದಲ ಸಲ ನಾನು ಏಳನೆಯದಕ್ಕೇ ಕಾಫಿಗೆ ಎದ್ದುಹೋದವನು. ಹಾಡು ತಪ್ಪಿತು, ಕಾಫಿಯೂ ತಣ್ಣಗಿತ್ತು.)

ವೀಣೆಯ ಗಮಕವನ್ನು, ಅಂದರೆ ಸ್ವರದ ಆ ಬಳುಕನ್ನು, ಮಾತ್ರ ಅಲ್ಲಿ ಹುಡುಕಬೇಡಿ. ನೈಲಾನ್ ತಂತಿಯನ್ನು ಎಳೆದರೆ ಸ್ವರ ಅಷ್ಟು ದೂರ ಹೋಗದು. ಅದಕ್ಕೇ ವಾದಕರು ಬಣ್ಣ ಬದಲಿಸುವುದು ಬಲಗೈಯಲ್ಲಿ: ಕುದುರೆಯ (ತಂತಿಗಳನ್ನು ಹೊತ್ತ ಪಟ್ಟಿಯ) ಬಳಿ ಮೀಟಿದರೆ ನಾದ ಚೂಪು, ಗಿಟಾರಿನ ನಡುವಿನ ದೊಡ್ಡ ರಂಧ್ರದ ಮೇಲೆ ಮೀಟಿದರೆ ಮೆತ್ತಗೆ. ಮುಂದಿನ ಸಲ ಮೊದಲ ಸಾಲಲ್ಲೇ ಕೂರಿ. ಮೈಕ್ ಇಲ್ಲದಿದ್ದರೆ ಆ ಕೊನೆಯ ಸ್ವರಗಳು ಹಿಂದಿನ ಸಾಲಿಗೆ ಮುಟ್ಟುವುದಿಲ್ಲ.