ಭೂಕಂಪದ ಭಯವಿಲ್ಲದ ಊರಿನಲ್ಲಿ ಮಣ್ಣಿನ ಮಾಳಿಗೆ

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಮನೆ. ಎರಡಡಿ ದಪ್ಪದ ಕಲ್ಲುಗೋಡೆ, ಮಣ್ಣಿನ ಗಾರೆ, ಮೇಲೆ ಮಣ್ಣಿನ ಮಾಳಿಗೆ. ನಮ್ಮ ಕಡೆ ಭೂಕಂಪದ ಭಯವಿಲ್ಲ ಎನ್ನುತ್ತಾರೆ. ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದರೆ ಸಾಕಲ್ಲವೇ?
– ಓದುಗರು, ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ

ಉತ್ತರ: ಸಾಲದು. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ 2016ರ ಐಎಸ್ 1893 (ಕಟ್ಟಡಗಳು ಭೂಕಂಪ ತಡೆಯುವಂತೆ ರೂಪಿಸಲು ಇರುವ ಭಾರತೀಯ ಮಾನಕ) ಸಂಹಿತೆಯ ನಕ್ಷೆಯಲ್ಲಿ ಎರಡನೇ ವಲಯದಲ್ಲಿವೆ. ಅಪಾಯ ಕಡಿಮೆ ಎಂದು ಇದರರ್ಥ, ಇಲ್ಲವೇ ಇಲ್ಲ ಎಂದಲ್ಲ. 1843ರಲ್ಲಿ ಬಳ್ಳಾರಿ ನಡುಗಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಬಳಿಯ ಕಿಲ್ಲಾರಿ ನೆಲಸಮವಾದಾಗ, ಅಂದಿನ ನಕ್ಷೆಯಲ್ಲಿ ಅದು ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯ! ಅಲ್ಲಿ ಸಾವಿರಾರು ಜನ ಸತ್ತದ್ದು ನಿಮ್ಮಂಥ ಮನೆಗಳಲ್ಲೇ.

ಮೊದಲು ಮಾಳಿಗೆ ಹತ್ತಿ ನೋಡಿ. ಸೋರಿದಾಗಲೆಲ್ಲ ಹಳೆಯದನ್ನು ತೆಗೆಯದೆ ಹೊಸ ಮಣ್ಣು ಹಾಕುತ್ತ ಬಂದರೆ ಒಂದಡಿ, ಒಂದೂವರೆ ಅಡಿ ಆಗಿಬಿಡುತ್ತದೆ. ಹತ್ತಡಿಗೆ ಹನ್ನೆರಡಡಿ ಕೋಣೆಯ ಮೇಲೆ ಒಂದಡಿ ಮಣ್ಣೆಂದರೆ ಐದು ಟನ್ನಿಗೂ ಮೇಲು; 75 ಕೆ.ಜಿ.ಯ ಎಪ್ಪತ್ತು ಚೀಲ ಭತ್ತ ಒಟ್ಟಿದ ಹಾಗೆ. ಭಾರ ಹೆಚ್ಚಿದಷ್ಟೂ ನೆಲ ಅಲುಗಿದಾಗ ಗೋಡೆಗೆ ಬೀಳುವ ಜಗ್ಗಾಟ ಹೆಚ್ಚು. ಜಂತಿಗಳಿಗೆ ಕೆಳಗಿನಿಂದ ಕಂಬದ ಆಸರೆ ಕೊಟ್ಟು, ಎರಡೂ ಕಡೆಯಿಂದ ಸಮನಾಗಿ ಮಣ್ಣು ಇಳಿಸಿ. ಎಂಟು ಅಂಗುಲಕ್ಕಿಂತ ಹೆಚ್ಚು ಉಳಿಯಬಾರದು. ಅದರಡಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ಸೋರಿತೆಂದು ಮತ್ತೆ ಮಣ್ಣು ಹೇರುವ ಪ್ರಮೇಯ ಬರುವುದಿಲ್ಲ. ಗೆದ್ದಲು ಹಿಡಿದ ಜಂತಿಯನ್ನೂ ಆಗಲೇ ಬದಲಿಸಿ.

ಇನ್ನು ಗೋಡೆ. ನೋಡಲು ಒಂದೇ, ಅಸಲಿಗೆ ಎರಡು: ಒಳಮೈಗೊಂದು ಸಾಲು, ಹೊರಮೈಗೊಂದು ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಈ ಕಡೆಯಿಂದ ಆ ಕಡೆಗೆ ಹಾಯುವ ಉದ್ದಗಲ್ಲುಗಳಿಲ್ಲದಿದ್ದರೆ ಅಲುಗಾಟಕ್ಕೆ ಎರಡೂ ಬೇರೆಯಾಗಿ ಕುಸಿಯುತ್ತವೆ. ಗಿಲಾವು ಅವನ್ನು ಹಿಡಿದು ನಿಲ್ಲಿಸದು. ಗೋಡೆ ಹೊಟ್ಟೆ ಬಿಟ್ಟದ್ದನ್ನು ಮುಚ್ಚುತ್ತದೆ, ಅಷ್ಟೆ. ತೂಗುಗುಂಡು ಬಿಟ್ಟು ನೋಡಿ. ಉಬ್ಬಿದ ಭಾಗವನ್ನು ಬಿಚ್ಚಿ ಕಟ್ಟಿಸಲೇಬೇಕು. ನೆಟ್ಟಗಿರುವ ಕಡೆ ಅಡ್ಡಕ್ಕೂ ಮೇಲಕ್ಕೂ ಮೀಟರಿಗೊಂದರಂತೆ, ಮೇಲಿನ ಸಾಲನ್ನು ಅರ್ಧ ಮೀಟರ್ ಸರಿಸಿ, ಗೋಡೆಯ ಈ ಮೈಯಿಂದ ಆ ಮೈಗೆ ಹಾಯುವ 75 ಮಿ.ಮೀ. ಅಗಲದ ತೂತು ಮಾಡಿಸಿ. ಜೋರಾಗಿ ಸುತ್ತಿಗೆ ಬೀಸಿದರೆ ಸುತ್ತಲಿನ ಕಲ್ಲೂ ಸಡಿಲವಾಗುತ್ತದೆ; ಸಣ್ಣ ಹಾರೆಯಿಂದ ಮಣ್ಣು ಕೆದರಿ ಒಂದೊಂದೇ ಕಲ್ಲು ಬಿಡಿಸಬೇಕು. ಎರಡೂ ತುದಿ ಕೊಕ್ಕೆಯಾಗಿ ಬಗ್ಗಿಸಿದ 8 ಮಿ.ಮೀ. ಸರಳನ್ನು ಒಳಗಿಟ್ಟು 1:2:4 ಕಾಂಕ್ರೀಟ್ (ಒಂದು ಪಾಲು ಸಿಮೆಂಟ್, ಎರಡು ಮರಳು, ನಾಲ್ಕು ಜಲ್ಲಿ) ತುಂಬಿ, ಹತ್ತು ದಿನ ನೀರುಣಿಸಿ. ಒಂದು ತುಂಬಿದ ಮೇಲೆಯೇ ಪಕ್ಕದ್ದಕ್ಕೆ ಕೈ ಹಾಕಿ. ಗಿಲಾವು ಆಮೇಲೆ.

ಈ ಕೆಲಸ ಮುಗಿಯುವವರೆಗೆ ಹೊಟ್ಟೆ ಬಿಟ್ಟ ಗೋಡೆಯ ಪಕ್ಕ ಯಾರನ್ನೂ ಮಲಗಿಸಬೇಡಿ, ಮಕ್ಕಳನ್ನಂತೂ ಬೇಡವೇ ಬೇಡ.