ರ‍್ಯಾಂಕಿಂಗ್ ಆಮೇಲೆ ನೋಡೋಣ, ಮೊದ್ಲು ಮಗಳಿಗೆ 21 ತುಂಬೋದ್ ಯಾವಾಗ ಹೇಳಿ

ಅಮೆರಿಕದ ಕೊಲಂಬಸ್‌ಗೆ ಬಂದು ನಾಲ್ಕ್ ತಿಂಗಳಾಯ್ತು, ಮಗಳು ಹನ್ನೊಂದನೇ ಕ್ಲಾಸು, ಬಯೋಮೆಡಿಕಲ್ ಇಂಜಿನಿಯರಿಂಗೂ ಮಾಡ್ತೀನಿ ಡಾಕ್ಟ್ರೂ ಆಗ್ತೀನಿ ಅಂತಾಳೆ, ಯಾವ ಕಾಲೇಜು ಒಳ್ಳೇದು ಅಣ್ಣ, ಊರಲ್ಲಿ ಭಾವ ಸುಮ್ನೆ ತುಮಕೂರಿನ ಸಿದ್ಧಾರ್ಥ ಮೆಡಿಕಲ್ ಕಾಲೇಜಿಗೆ ಹಾಕಿ ಅಂತಾರೆ ಅಂತ ಕೇಳಿದ್ರಲ್ಲ. ಬರೀಬೇಕು ಬರೀಬೇಕು ಅಂದ್ಕೊಂಡೇ ಎರಡ್ ದಿನ ಹೋಯ್ತು. ನಾನೀಗ ರಜಕ್ಕೆ ತುಮಕೂರಿಗೇ ಬಂದಿದ್ದೀನಿ, ಎಸ್.ಎಸ್.ಪುರಂ ಮನೇಲಿ ಕರೆಂಟ್ ಹೋಗಿ ಒಂದ್ ಗಂಟೆ ಆಯ್ತು, ಫೋನಲ್ಲಿ 40 ಪರ್ಸೆಂಟ್ ಇದೆ, ಅದು ಮುಗಿಯೋದ್ರೊಳಗೆ ಹೇಳ್ಬಿಡ್ತೀನಿ.

ನೀವು ಕಳಿಸಿದ ಲಿಸ್ಟು ನೋಡ್ದೆ, ಜಾನ್ಸ್ ಹಾಪ್ಕಿನ್ಸ್, ಡ್ಯೂಕ್, ಜಾರ್ಜಿಯಾ ಟೆಕ್, ಕೇಸ್ ವೆಸ್ಟರ್ನ್. ಬಯೋಮೆಡಿಕಲ್‌ಗೆ ಒಂದಕ್ಕಿಂತ ಒಂದು ಚೆನ್ನಾಗಿದೆ, ತಕರಾರಿಲ್ಲ. ಆದ್ರೆ ನೀವು ಎಚ್-1ಬಿ, ಅಂದ್ರೆ ಕೆಲಸದ ವೀಸಾ, ಮಗಳು ಎಚ್-4, ಅಂದ್ರೆ ನಿಮ್ಮನ್ನ ನಂಬಿಕೊಂಡಿರೋ ಕುಟುಂಬದವ್ರ ವೀಸಾ. ಎಚ್-4 ಇರೋದು 21 ವರ್ಷ ತುಂಬೋವರೆಗೆ ಮಾತ್ರ. ಇಂಡಿಯಾದಲ್ಲಿ ಹುಟ್ಟಿದವರಿಗೆ ಕೆಲಸದ ಮೇಲೆ ಸಿಗೋ ಇಬಿ-2, ಇಬಿ-3 ಗ್ರೀನ್ ಕಾರ್ಡ್ (ಅಲ್ಲೇ ಕಾಯಂ ಇರೋ ಪರವಾನಗಿ) ಕ್ಯೂ ಹತ್ತು ವರ್ಷಕ್ಕಿಂತ ಉದ್ದ ಇದೆ, ನೀವಿನ್ನೂ ಕ್ಯೂಗೇ ನಿಂತಿಲ್ಲ, ಅಂದ್ಮೇಲೆ ಅವಳು ಡಿಗ್ರಿ ಮುಗಿಸೋ ಹೊತ್ತಿಗೆ ಎಫ್-1 ಅನ್ನೋ ಸ್ಟೂಡೆಂಟ್ ವೀಸಾಗೆ ಬದಲಾಯಿಸ್ಕೊಂಡಿರ್ಬೇಕು. ಎಫ್-1 ಮೇಲೆ ಇಂಜಿನಿಯರಿಂಗ್ ಓದೋಕೆ ಏನೂ ತೊಂದ್ರೆ ಇಲ್ಲ ಕಣ್ರೀ, ಡಿಗ್ರಿ ಆದ್ಮೇಲೆ ಓಪಿಟಿ ಅನ್ನೋ ಕೆಲಸದ ಅನುಮತಿ ಒಂದ್ ವರ್ಷ, ಸ್ಟೆಮ್ (ವಿಜ್ಞಾನ, ಇಂಜಿನಿಯರಿಂಗ್ ಥರದ ಸಬ್ಜೆಕ್ಟು) ಅಂತ ಮತ್ತೆ ಎರಡ್ ವರ್ಷ, ಕೆಲಸ ಮಾಡ್ಬಹುದು. ಕಷ್ಟ ಇರೋದು ಮೆಡಿಕಲ್‌ಗೆ. ಸರ್ಕಾರಿ ಮೆಡಿಕಲ್ ಸ್ಕೂಲುಗಳಲ್ಲಿ ಬಹಳಷ್ಟು ಸಿಟಿಜನ್ ಇಲ್ಲ ಗ್ರೀನ್ ಕಾರ್ಡ್ ಕೇಳ್ತವೆ, ಇಂಟರ್‌ನ್ಯಾಷನಲ್ ಸ್ಟೂಡೆಂಟ್ ತಗೊಳ್ಳೋವು ಕಮ್ಮಿ, ತಗೊಂಡ್ರೂ ಅಲ್ಲಿನ ಕೇಂದ್ರ ಸರ್ಕಾರದ (ಫೆಡರಲ್) ಲೋನ್ ಸಿಗಲ್ಲ. ಇದನ್ನ ನನಗೆ ಯಾರೂ ಹೇಳೋ ಅವಶ್ಯಕತೆ ಬರ್ಲಿಲ್ಲ, ನನ್ ಮಗಳು ಅಮೆರಿಕದಲ್ಲೇ ಹುಟ್ಟಿದವಳು. ಆದ್ರೆ ನನ್ ಜೊತೆ ಕೆಲಸ ಮಾಡೋ ಒಬ್ರ ಮಗ ಮೂರನೇ ವರ್ಷದ ಡಿಗ್ರಿವರೆಗೂ ಪ್ರೀಮೆಡ್, ಅಂದ್ರೆ ಮೆಡಿಕಲ್‌ಗೆ ತಯಾರಿ, ಅಂತ ಒದ್ದಾಡಿ ಆಮೇಲೆ ಈ ವಿಷಯ ಗೊತ್ತಾಗಿ ಅವ್ರ ಮನೇಲಿ ಒಂದ್ ವಾರ ಯಾರೂ ಸರಿಯಾಗಿ ಊಟ ಮಾಡ್ಲಿಲ್ಲ. ಅದಕ್ಕೇ ಮೊದ್ಲು ಒಬ್ಬ ಇಮಿಗ್ರೇಷನ್ ಲಾಯರ್ ಹತ್ರ ಕೂತ್ಕೊಳ್ಳಿ, ಆಫೀಸಲ್ಲಿ ಗ್ರೀನ್ ಕಾರ್ಡ್ ಪ್ರೋಸೆಸ್ ಶುರು ಮಾಡ್ಸಿ, ಕಾಲೇಜ್ ಲಿಸ್ಟ್ ಆಮೇಲೆ.

ಇನ್ನೊಂದು, ನಮ್ಮಲ್ಲಿ ಹಂಗೆ ಪಿಯುಸಿ ಆದ್ಮೇಲೆ ನೀಟ್ ಬರ್ದು ಸೀದಾ ಎಂಬಿಬಿಎಸ್ ಅಲ್ಲ ಅಲ್ಲಿ. ನಾಲ್ಕ್ ವರ್ಷ ಯಾವ್ದಾದ್ರೂ ಡಿಗ್ರಿ, ಎಂಕ್ಯಾಟ್ ಅನ್ನೋ ಮೆಡಿಕಲ್ ಪ್ರವೇಶ ಪರೀಕ್ಷೆ, ನಾಲ್ಕ್ ವರ್ಷ ಎಂಡಿ (ನಮ್ಮ ಎಂಬಿಬಿಎಸ್ ಥರ), ಆಮೇಲೆ ರೆಸಿಡೆನ್ಸಿ ಅಂತ ಆಸ್ಪತ್ರೇಲಿ ತರಬೇತಿ ಮೂರರಿಂದ ಏಳ್ ವರ್ಷ. ಪ್ರೀಮೆಡ್ ಅಂತ ಒಂದು ಕೋರ್ಸೇ ಇಲ್ಲ, ಬಯಾಲಜಿ, ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಬಯೋಕೆಮಿಸ್ಟ್ರಿ ಇಷ್ಟು ಮುಗಿಸಿದ್ರೆ ಹೆಚ್ಚುಕಮ್ಮಿ ಆಯ್ತು, ಇತಿಹಾಸ ಓದಿದವ್ರೂ ಡಾಕ್ಟ್ರಾಗ್ತಾರೆ. ಸೀಟ್ ಸಿಗೋ ಮಕ್ಕಳ ಸರಾಸರಿ ಜಿಪಿಎ, ಅಂದ್ರೆ ಡಿಗ್ರಿ ಗ್ರೇಡು, 4ಕ್ಕೆ 3.7ರ ಮೇಲೆ, ಎಂಕ್ಯಾಟ್ 528ಕ್ಕೆ 511ರ ಆಸುಪಾಸು. ಬಯೋಮೆಡಿಕಲ್ ಓದಿದ್ದಾಳೆ ಪಾಪ ಕಷ್ಟದ ಸಬ್ಜೆಕ್ಟು ಅಂತ ಜಿಪಿಎಗೆ ಯಾರೂ ಕನಿಕರದ ಮಾರ್ಕ್ಸ್ ಸೇರ್ಸಲ್ಲ.

ಇದನ್ನ ನಾನು ಕಲ್ತಿದ್ದು ಸರಿಯಾಗಿ ಪೆಟ್ಟು ತಿಂದು. ಹೆಸರಿಗೆ ಮರುಳಾಗಿ ಮಗಳನ್ನ ಒಂದು ದೊಡ್ಡ ಕಾಲೇಜಿಗೆ ಸೇರಿಸ್ದೆ, ಯಾವ್ದು ಅಂತ ಕೇಳ್ಬೇಡಿ. ಎರಡನೇ ವರ್ಷ ಅಕ್ಟೋಬರ್‌ನಲ್ಲಿ ರಾತ್ರಿ ಹನ್ನೊಂದೂವರೆಗೆ ಫೋನು, ಲೈಬ್ರರಿ ಮೆಟ್ಟಿಲ ಮೇಲೆ ಕೂತಿದ್ಲು, ಒಂದೇ ವಾರದಲ್ಲಿ ಆರ್ಗ್ಯಾನಿಕ್ ಮಿಡ್‌ಟರ್ಮು, ಸರ್ಕ್ಯೂಟ್ಸ್ ಮಿಡ್‌ಟರ್ಮು ಎರಡೂ. ಅಪ್ಪಾ ನಾನ್ ದಡ್ಡಿ ಅಲ್ವಲ್ಲಾ ಅಂದ್ಲು. ಏನ್ ಹೇಳ್ಲಿ. ಆರ್ಗ್ಯಾನಿಕ್‌ನಲ್ಲಿ ಸಿ ಪ್ಲಸ್ ಬಂತು, ಆ ಒಂದು ಗ್ರೇಡು ಅವಳ ಬೆನ್ನು ಬಿಡ್ಲಿಲ್ಲ, ಎರಡ್ ವರ್ಷ ಗ್ಯಾಪ್ ತಗೊಂಡು ಆಸ್ಪತ್ರೇಲಿ ಸ್ಕ್ರೈಬ್ ಆಗಿ ಡಾಕ್ಟ್ರು ಹೇಳಿದ್ದು ಟೈಪ್ ಮಾಡ್ತಾ ಕೂತಿದ್ಲು, ಎರಡನೇ ಸಲ ಅಪ್ಲೈ ಮಾಡ್ದಾಗ ಮೆಡಿಕಲ್ ಸೀಟಾಯ್ತು. ಅಲ್ಲಿ ನಮ್ಮ ರಾಜ್ಯ ಮಿನೆಸೋಟದ ಕಾಲೇಜಲ್ಲೇ ಓದಿದ್ರೆ ದುಡ್ಡೂ ಅರ್ಧ ಆಗ್ತಿತ್ತು, ನಿದ್ದೇನೂ ಮಾಡ್ತಿದ್ಲು.

ಇನ್ನು ಬಯೋಮೆಡಿಕಲ್ ಬಗ್ಗೆ. ನಾನು ಓದಿದ್ದು ತುಮಕೂರಿನ ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜಲ್ಲಿ (ಎಸ್‌ಐಟಿ) ಎಲೆಕ್ಟ್ರಾನಿಕ್ಸ್, 19 ವರ್ಷದಿಂದ ಮಿನಿಯಾಪೊಲಿಸ್‌ನಲ್ಲಿ ಹಾರ್ಟಿಗೆ ಹಾಕೋ ಸಾಮಾನಿನ ಕಂಪನೀಲಿದ್ದೀನಿ, ನಮ್ ಟೀಮಲ್ಲಿ ಬಯೋಮೆಡಿಕಲ್ ಡಿಗ್ರಿಯವ್ರಿಗಿಂತ ಎಲೆಕ್ಟ್ರಿಕಲ್ಲು ಮೆಕ್ಯಾನಿಕಲ್ಲೇ ಜಾಸ್ತಿ. ಕರೆಂಟ್ ಹೋಗಿರೋದ್ರಿಂದ ನೆನಪಾಯ್ತು, 1957ರ ಅಕ್ಟೋಬರ್ 31ಕ್ಕೆ ಅದೇ ಮಿನಿಯಾಪೊಲಿಸ್‌ನಲ್ಲಿ ಕರೆಂಟ್ ಹೋಯ್ತಂತೆ, ಆಗ ಹಾರ್ಟ್ ಬಡಿತ ತಪ್ಪದ ಹಾಗೆ ನೋಡ್ಕೊಳ್ಳೋ ಪೇಸ್‌ಮೇಕರ್ ಅಂದ್ರೆ ಗೋಡೆ ಪ್ಲಗ್ಗಿಗೆ ಹಾಕೋ ಡಬ್ಬ, ಒಂದು ಮಗು ಹೋಗ್ಬಿಡ್ತು. ಸರ್ಜನ್ ವಾಲ್ಟನ್ ಲಿಲ್ಲೆಹೈ ಅವರು ಆಸ್ಪತ್ರೆ ಮಿಷಿನ್ ರಿಪೇರಿ ಮಾಡ್ತಿದ್ದ ಅರ್ಲ್ ಬ್ಯಾಕನ್‌ಗೆ ಹೇಳಿದ್ರು, ಆತ ಸಂಗೀತಕ್ಕೆ ತಾಳ ಹಾಕೋ ಮೆಟ್ರೊನೋಮ್ ಸರ್ಕ್ಯೂಟ್ ಒಂದನ್ನ ತಿದ್ದಿ ಕೆಲವೇ ವಾರದಲ್ಲಿ ಬ್ಯಾಟರಿ ಪೇಸ್‌ಮೇಕರ್ ಮಾಡ್ಕೊಟ್ಟ. ಬ್ಯಾಕನ್ ಓದಿದ್ದು ಎಲೆಕ್ಟ್ರಿಕಲ್. ಬಯೋಮೆಡಿಕಲ್‌ನಲ್ಲಿ ಎಲ್ಲಾ ಒಂದೊಂದ್ ಸೌಟು ಬಡಿಸ್ತಾರೆ, ಕೆಲಸಕ್ಕೆ ಕರೆಯೋರು ಒಂದನ್ನ ಹೊಟ್ಟೆ ತುಂಬ ಉಂಡವ್ರನ್ನ ಹುಡುಕ್ತಾರೆ. ಬೇಡ ಅಂತಿಲ್ಲ, ಬಯೋಮೆಡಿಕಲ್ಲೇ ಆದ್ರೆ ಇಂಟರ್ನ್‌ಶಿಪ್ ಗಟ್ಟಿಯಾಗಿರೋ ಕಡೆ ಹಾಕಿ.

ನಿಮ್ಮ ಓಹಾಯೋದಲ್ಲೇ ಎಷ್ಟಿದೆ ನೋಡಿ. ಓಹಾಯೋ ಸ್ಟೇಟ್ ನಿಮ್ಮೂರಲ್ಲೇ, ಬಯೋಮೆಡಿಕಲ್ಲೂ ಇದೆ ಮೆಡಿಕಲ್ ಕಾಲೇಜು ಅದೇ ಕ್ಯಾಂಪಸ್ಸು. ಸಿನ್ಸಿನಾಟಿ ಯೂನಿವರ್ಸಿಟೀಲಿ ಓದ್ತಾ ಓದ್ತಾ ಕಂಪನೀಲಿ ಕೆಲಸ ಮಾಡೋ ಕೋ-ಆಪ್ 1906ರಿಂದ ಇದೆ, ಈ ಪದ್ಧತಿ ಶುರುವಾಗಿದ್ದೇ ಅಲ್ಲಿ. ನಾನಾಗಿದ್ರೆ ಈ ಎರಡು ಮೊದ್ಲು, ಆಮೇಲೆ ಕೇಸ್, ಕೊನೆಗೆ ಹಾಪ್ಕಿನ್ಸ್. ಎಚ್-4ಗೆ ಇನ್-ಸ್ಟೇಟ್ ಫೀಸ್, ಅಂದ್ರೆ ಆ ರಾಜ್ಯದವ್ರಿಗಿರೋ ಕಮ್ಮಿ ಫೀಸ್, ಕೊಡ್ತಾರಾ ಅಂತ ಆಯಾ ಕಾಲೇಜಲ್ಲಿ ಯಾರು ರಾಜ್ಯದವ್ರು ಅಂತ ತೀರ್ಮಾನಿಸೋ ರೆಸಿಡೆನ್ಸಿ ಆಫೀಸಿಗೆ ಮೇಲ್ ಹಾಕಿ ಬರವಣಿಗೇಲೇ ಉತ್ತರ ತಗೊಳ್ಳಿ, ಫೋನಲ್ಲಿ ಬೇಡ.

ಭಾವ ಹೇಳೋದು ತಳ್ಳಿಹಾಕೋ ಮಾತಲ್ಲ. ಡಾಕ್ಟ್ರೇ ಆಗ್ಬೇಕು ಅಂದ್ರೆ ತುಮಕೂರಲ್ಲೋ ಕೋಲಾರದ ಟಮಕದಲ್ಲೋ ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಆಮೇಲೆ ಯುಎಸ್‌ಎಂಎಲ್‌ಇ ಅನ್ನೋ ಅಲ್ಲಿನ ಡಾಕ್ಟರ್ ಲೈಸೆನ್ಸ್ ಪರೀಕ್ಷೆ ಬರ್ದು ಅಮೆರಿಕಕ್ಕೆ ವಾಪಸ್ ಬರೋರಿದ್ದಾರೆ. ಆದ್ರೆ ನೀಟ್ ಅಂದ್ರೆ ಬೇರೇನೇ ತಯಾರಿ, ಅಲ್ಲಿನ ಹೈಸ್ಕೂಲಲ್ಲಿ ಅದು ಆಗಲ್ಲ, ಈಗ್ಲೇ ತೀರ್ಮಾನ ಮಾಡ್ಬೇಕು.

ನಿಮ್ ಮಗಳಿಗೆ ನಿಜವಾಗ್ಲೂ ಯಾವ್ದು ಬೇಕು ಅಂತ ನೀವೇ ನೋಡಿ. ನನ್ ಮಗಳು ಹದಿನಾರರಲ್ಲಿ ಇದೇ ಮನೆಗೆ ಬಂದಾಗ ರಕ್ತದ ಆಮ್ಲಜನಕ ಅಳೆಯೋಕೆ ಬೆರಳಿಗೆ ಸಿಕ್ಕಿಸೋ ಆಕ್ಸಿಮೀಟರ್ ಅಜ್ಜಿಗೆ ಹಾಕಿದ್ಲು. ನಾನು ಕೆಂಪು ಲೈಟು, ಇನ್ಫ್ರಾರೆಡ್, ರಕ್ತ ಯಾವ್ದನ್ನ ಎಷ್ಟು ಹೀರುತ್ತೆ ಅಂತ ಪಾಠ ಶುರು ಮಾಡ್ದೆ, ಅವಳು ಕೇಳಿಸ್ಕೊಳ್ಳಲೇ ಇಲ್ಲ, ಅಜ್ಜಿ ನಿಮ್ ಕೈ ಯಾಕಿಷ್ಟು ತಣ್ಣಗಿದೆ, ರಾತ್ರಿ ನಿದ್ದೆ ಬರುತ್ತಾ ಅಂತ ಕೇಳ್ತಾ ಕೂತ್ಲು. ನನಗೆ ಅವತ್ತೇ ಅರ್ಥ ಆಗ್ಬೇಕಿತ್ತು, ಆಗ್ಲಿಲ್ಲ, ಇಂಜಿನಿಯರ್ ತಲೆ.

18 ಪರ್ಸೆಂಟ್ ಇದೆ. ಮಗಳ ಹುಟ್ಟಿದ ತಾರೀಖು ಕಳ್ಸಿ, ಲೆಕ್ಕ ಹಾಕೋಣ. ಭಾನುವಾರದವರೆಗೂ ಇಲ್ಲೇ ಇರ್ತೀನಿ, ಸೂಟ್‌ಕೇಸಲ್ಲಿ ಮೂರ್ ಕೆಜಿ ಜಾಗ ಇದೆ, ಮನೆಯವ್ರು ಹುಣಸೆಹಣ್ಣು ಚಟ್ನಿಪುಡಿ ಏನಾದ್ರೂ ಕೊಡೋದಿದ್ರೆ ಶನಿವಾರದೊಳಗೆ ತಂದುಕೊಡೋಕೆ ಹೇಳಿ, ಮಿನಿಯಾಪೊಲಿಸ್‌ನಿಂದ ಪಾರ್ಸೆಲ್ ಹಾಕ್ತೀನಿ.