ರೆಟಿನಾ ಡಾಕ್ಟ್ರು ಕಾನ್ಫರೆನ್ಸಿಗೆ ಹೋಗ್ಯಾರ, ಅವ್ವನ ಇಂಜೆಕ್ಷನ್ ಹೆಂಗ್ರಿ?

ಪ್ರಶ್ನೆ: ನಮಸ್ಕಾರ್ರಿ. ನಮ್ಮ ಅವ್ವಗ ಭಾಳ ವರ್ಷದಿಂದ ಸಕ್ಕರಿ ಕಾಯಿಲೆ ಐತಿ, ಈಗ ಕಣ್ಣಿನ ಪರದೆಗೆ, ಅಂದ್ರ ರೆಟಿನಾಕ್ಕ, ಬಾವು ಬಂದು ವಿಜಯಪುರದಾಗ ತಿಂಗಳಿಗೊಮ್ಮೆ ಇಂಜೆಕ್ಷನ್ ಹಾಕಸಾಕತ್ತೀವಿ. ಈ ಸಲ ಹೋದ್ರ ಡಾಕ್ಟ್ರು ಕಾನ್ಫರೆನ್ಸಿಗೆ ಹೋಗ್ಯಾರ, ಮುಂದಿನ ವಾರ ಬರ್ರಿ ಅಂದ್ರು. ಅಷ್ಟ್ ದೊಡ್ಡ ಡಾಕ್ಟ್ರಿಗೆ ಇನ್ನೂ ಕಲಿಯೂದು ಏನೈತ್ರಿ? ತಡಾ ಆದ್ರ ಕಣ್ಣು ಹೋಗ್ತೈತೇನು?
– ಒಬ್ಬ ಓದುಗಿ, ಇಂಡಿ

ಉತ್ತರ: ಮೊದಲ ನಿಮ್ಮ ಅಂಜಿಕಿ ಬಗ್ಗೆ ಹೇಳ್ತೀನಿ ತಂಗಿ. ಈ ಬಾವಿನಾಗ ಒಂದ್ ವಾರ ಹಿಂದಮುಂದ ಆದ್ರ ಸಾಮಾನ್ಯವಾಗಿ ಭಾಳ ಫರಕ್ ಬೀಳೂದಿಲ್ಲ, ತಿಂಗಳುಗಟ್ಲೆ ಬಿಟ್ರ ಮಾತ್ರ ಕಣ್ಣಿಗೆ ಪೆಟ್ಟು. ಆದ್ರ ಅವ್ವಗ ಒಮ್ಮಿಂದೊಮ್ಮೆ ಕರಿ ಚುಕ್ಕಿ ತೇಲಾಡಿದಂಗ, ಪರದಾ ಇಳದಂಗ ಕಂಡ್ರ, ಇಲ್ಲಾ ಇಂಜೆಕ್ಷನ್ ಆದ ಮ್ಯಾಲ ಕಣ್ಣು ಕೆಂಪಾಗಿ ನೋವು ಬಂದು ಮಬ್ಬಾದ್ರ, ನಮ್ಮ ಡಾಕ್ಟ್ರು ಬರ್ಲಿ ಅಂತ ಕುಂದರಬ್ಯಾಡ್ರಿ, ಅವತ್ತ ಮತ್ತೊಬ್ಬ ರೆಟಿನಾ ಡಾಕ್ಟ್ರ ಕಡೆ ಹೋಗ್ರಿ, ಬೆಳಗಾವಿಗೆ ಹೋಗೂದಾದ್ರೂ ಸರಿ.

ಇನ್ನ ಕಲಿಯೂದು. 2000ದ ಹೊತ್ತಿಗೆ ನಿಮ್ಮ ಅವ್ವನಂಥಾ ಪೇಷಂಟಿಗೆ ಲೇಸರ್ ಬಿಟ್ರ ಹೆಚ್ಚಿನ ದಾರಿ ಇರಲಿಲ್ಲ. ಅವಾಸ್ಟಿನ್ ಅನ್ನೂ ಕ್ಯಾನ್ಸರ್ ಔಷಧಿ ಕಣ್ಣಿನೊಳಗ ಹಾಕಾಕ ಶುರು ಆದದ್ದು 2005ರ ಸುಮಾರಿಗೆ, ಆಮ್ಯಾಲ 2011ರಾಗ ಅಮೆರಿಕಾದ ಕ್ಯಾಟ್ ಅನ್ನೂ ಟ್ರಯಲ್‌ನಾಗ ವಯಸ್ಸಾದವರ ಮ್ಯಾಕುಲಾ (ರೆಟಿನಾದ ನಡುಭಾಗ) ಕಾಯಿಲೆಗೆ ಅದು ಲುಸೆಂಟಿಸ್ ಅನ್ನೂ ದುಬಾರಿ ಇಂಜೆಕ್ಷನ್‌ನಷ್ಟ ನಜರ್ ಉಳಸ್ತೈತಿ ಅಂತ ಗೊತ್ತಾತು, ಬಡವರಿಗೆ ಇದಕಿಂತ ದೊಡ್ಡ ಸುದ್ದಿ ಯಾವ್ದೈತಿ ಹೇಳ್ರಿ. ಉಲ್ಟಾನೂ ಆಗ್ತೈತಿ. 2019ರಾಗ ಬ್ರೊಲುಸಿಜುಮಾಬ್ ಅಂತ ಹೊಸಾ ಇಂಜೆಕ್ಷನ್ ಅಮೆರಿಕಾದಾಗ ಮಂಜೂರಾತು, 2020ರ ಶುರುವಿನಾಗ ಕೆಲವರಿಗೆ ರೆಟಿನಾದ ರಕ್ತನಾಳಕ್ಕ ಉರಿಯೂತ ಬರ್ತೈತಿ ಅಂತ ರಿಪೋರ್ಟ್ ಬಂದ್ವು. ಕಾಲೇಜು ಬಿಟ್ಟು ಇಪ್ಪತ್ತು ವರ್ಷ ಆದ ಡಾಕ್ಟ್ರಿಗೆ ಇದೆಲ್ಲಾ ಹೆಂಗ ಗೊತ್ತಾಗ್ಬೇಕ್ರಿ? ಕಾನ್ಫರೆನ್ಸಿನಾಗ ಒಬ್ಬರು ಓಸಿಟಿ, ಅಂದ್ರ ರೆಟಿನಾದ ಪದರ ತೋರಿಸೂ ಸ್ಕ್ಯಾನ್, ಸ್ಕ್ರೀನ್ ಮ್ಯಾಲ ಹಾಕಿ, ರೆಟಿನಾದೊಳಗ ನೀರು ತುಂಬಿದ ಕರಿ ಗುಳ್ಳಿ ತೋರಿಸಿ, ನೀವಾಗಿದ್ರ ಏನ್ ಮಾಡ್ತಿದ್ರಿ ಅಂತ ಕೇಳ್ತಾರ, ವಾದಾ ಆಗ್ತೈತಿ, ಆ ವಾದದಾಗನ ಕಲಿಯೂದು ಐತಿ. ಕೆಲವು ಕಡೆ ಆಡಿನ ಕಣ್ಣಿನ ಮ್ಯಾಲ ಆಪರೇಷನ್ನೂ ಪ್ರಾಕ್ಟೀಸ್ ಮಾಡ್ತಾರ.

ನಮ್ಮ ದೇಶದ ವೈದ್ಯರ ನಡತೆ ನಿಯಮ 2002ರಾಗ ಐದು ವರ್ಷಕ್ಕ 30 ತಾಸಾದ್ರೂ ಹಿಂಗ ಕಲೀಬೇಕು ಅಂತ ಐತಿ. ರೆಟಿನಾಕ್ಕ ಅದು ಸಾಲೂದಿಲ್ಲ ಅಂತನ ನನ್ನ ಅಭಿಪ್ರಾಯ. ಹಂಗಂತ ಪೇಷಂಟ್‌ನ ಬಾಗಲದಾಗ ನಿಲ್ಲಿಸಿ ಹೋಗೂದು ತಪ್ಪು, ಮೊದಲ ಫೋನ್ ಮಾಡಿ ಹೇಳ್ಬೇಕು, ಬದಲಿ ಡಾಕ್ಟ್ರ ಹೆಸರೂ ಕೊಡ್ಬೇಕು, ಇದನ್ನ ನೀವು ಕೇಳಾಕ ಹಿಂಜರಿಬ್ಯಾಡ್ರಿ. ಮುಂದಿನ ವಾರ ಹೋಗುವಾಗ ಹಳೇ ಓಸಿಟಿ ಪ್ರಿಂಟ್, ಸಕ್ಕರಿ ರಿಪೋರ್ಟ್ ಎರಡೂ ಒಯ್ರಿ, ಅವ್ವಗ ಇನ್ನ ಎಷ್ಟು ಇಂಜೆಕ್ಷನ್ ಬೇಕು, ನಡುವಿನ ಅಂತರಾ ಹೆಚ್ಚು ಮಾಡಾಕ ಬರ್ತೈತೇನು ಅಂತ ಕೇಳ್ರಿ.